ಮೊದಲ ಕೋಷ್ಟಕದ ಶ್ರೀ

ನಾನು ಜೀವನವೆಲ್ಲ ಮಾಡಿದ ಕೆಲಸ ಏನೆಂದು ನಮ್ಮ ಬೀಗರಿಗೆ ಇವತ್ತಿಗೂ ಗೊತ್ತಿಲ್ಲ. "ಕಂಪ್ಯೂಟರ್ ರಿಪೇರಿ" ಎಂದು ಅವರು ತಿಳಿದಿದ್ದಾರೆ, ನಾನೂ ಹೂಂ ಎಂದು ಸುಮ್ಮನಾಗಿದ್ದೇನೆ. ನಿಜವಾಗಿ ಮಾಡಿದ್ದು ಇಷ್ಟು: ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮಿನ ಕೈಯಲ್ಲಿ ಪತ್ರ ಬರೆಸಲು ಹೋಗಿ ಸೋತಾಗ, ಆ ಊರಿಗೆ ಬಸ್ಸು ಹತ್ತಿ ಹೋಗಿ, ಯಾಕೆ ಸೋತಿತು ಎಂದು ಹುಡುಕುವುದು.

ಈಗ ಇಂಥದೇ ಕೆಲಸಕ್ಕೆ ಸೇರುತ್ತಿರುವ ಕೆಲವರು ಆಗಾಗ ಫೋನು ಮಾಡಿ, ಹಳೆಯ ಸಾಫ್ಟ್‌ವೇರು ಇನ್ನೂ ಓಡುತ್ತಿದೆ, ಅದರೊಳಗೆ ಹೊಕ್ಕು ನೋಡುವುದು ಹೇಗೆ ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ಮಾತು ಇದರಲ್ಲಿಲ್ಲ. ಆರು ಜನರ ನಮ್ಮ ಕಚೇರಿಯಲ್ಲಿ ಬಡ್ತಿ ಎಂದರೆ ಕಿಟಕಿ ಪಕ್ಕದ ಕುರ್ಚಿ ಸಿಗುವುದು. ಒಂದು ಎಚ್ಚರಿಕೆ ಮಾತ್ರ ಮೊದಲೇ ಕೊಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ನೀವೂ ಪೂರ್ತಿ ನಂಬಬೇಡಿ.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ನಾಶಿಕಕ್ಕೆ ಬಂದದ್ದು ಹೆಂಡತಿ ಸುಮಿತ್ರಾಳ ಹಿಂದೆ. ಆಕೆಯದು ಬ್ಯಾಂಕಿನ ನೌಕರಿ, ವರ್ಗವಾಗಿ ಬಂದಳು. ನಾನು ಕಾಲೇಜಿನ ತಾತ್ಕಾಲಿಕ ಪಾಠ ಬಿಟ್ಟು ಬಂದು, ಮೂರು ತಿಂಗಳು ಮನೆಯಲ್ಲಿ ಕೂತು, ಅಂಬಡ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಅರ್ಜಿ ಹಾಕಿದೆ. ಕೆಳಗೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ, ಮೇಲೆ ನಾವು. ಪ್ರೆಸ್ ಮಷೀನು ಬಡಿದಾಗಲೆಲ್ಲ ನಮ್ಮ ಚಹಾದ ಲೋಟ ನಡುಗುತ್ತಿತ್ತು.

ನಮ್ಮ ಗಿರಾಕಿಗಳೆಲ್ಲ ಸಣ್ಣವರು. ಸ್ವಿಚ್ಚು ಮಾಡುವವರು, ಎರಕದವರು, ಒಂದೆರಡು ದವಾಖಾನೆಗಳು. ಅವರಿಗೆಲ್ಲ ಬೇಕಾದದ್ದು ಕಾಗದ: ಪರೀಕ್ಷಾ ಪ್ರಮಾಣಪತ್ರ, ರವಾನೆಯ ಚೀಟಿ, ವರದಿ. ನಮ್ಮ ಪ್ರೋಗ್ರಾಮಿನಲ್ಲಿ ಒಂದು ಗುಂಡಿ ಒತ್ತಿದರೆ ಅದು ಪರದೆಯ ಹಿಂದೆ ಪತ್ರ ಬರೆಯುವ ವರ್ಡ್ ಎಂಬ ಪ್ರೋಗ್ರಾಮನ್ನು ಎಬ್ಬಿಸಿ, ಮೊದಲೇ ಸಿದ್ಧಮಾಡಿಟ್ಟ ಖಾಲಿ ಫಾರ್ಮನ್ನು ತೆರೆಸಿ, ಹೆಸರು, ಅಂಕಿ ತುಂಬಿಸಿ, ಅಚ್ಚು ಹಾಕಿಸಿ, ವರ್ಡನ್ನು ಮತ್ತೆ ಮಲಗಿಸಬೇಕು. ಗಿರಾಕಿಗೆ ವರ್ಡ್ ಕಾಣಲೇಬಾರದು. ನಮ್ಮ ಎಲ್ಲ ತೊಂದರೆಗಳೂ ಹುಟ್ಟಿದ್ದು ಈ ಕಾಣದಿರುವುದರಿಂದಲೇ.

ಕಚೇರಿಯ ಒಡತಿ ಪಟವರ್ಧನ್ ಮೇಡಂ. ನನಗಿಂತ ಹತ್ತು ವರ್ಷ ದೊಡ್ಡವರು, ಪಾಲಿಟೆಕ್ನಿಕ್ಕಿನಲ್ಲಿ ಓದಿ ಹತ್ತು ಕಾರ್ಖಾನೆ ಸುತ್ತಿ ಬಂದವರು. ಮಾತು ಮರಾಠಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನವೇ ನನ್ನ ಮುಂದೆ ಉದ್ದನೆಯ ರಿಜಿಸ್ಟರ್ ಇಟ್ಟರು. ಪುಟಕ್ಕೆ ಮೂರು ಕಾಲಮ್ಮು. ಕಂಡದ್ದು, ಮಾಡಿದ್ದು, ಅನಿಸಿದ್ದು.

"ಗಿರಾಕಿ ಹತ್ತಿರ ಹೋಗಿ ಬಂದವನು ಇದನ್ನ ತುಂಬದೆ ಚಹಾ ಮುಟ್ಟೋ ಹಾಗಿಲ್ಲ."

"ಮೇಡಂ, ನನಗೆ ಇದೆಲ್ಲ ನೆನಪಿರ್ತದೆ," ಎಂದೆ. ವಿಶ್ವವಿದ್ಯಾಲಯದ ಸೊಕ್ಕು ಇನ್ನೂ ಇಳಿದಿರಲಿಲ್ಲ.

"ಬರಂ, ಒಳ್ಳೇದು. ನೆನಪಿರೋದನ್ನೆಲ್ಲ ಮೂರನೇ ಕಾಲಮ್ಮಿನಲ್ಲಿ ಬರಿ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಆದರೆ ಬರೆಯತೊಡಗಿದೆ. ಚಹಾ ಬೇಕಿತ್ತು.

ಮೊದಲ ವರ್ಷದ ಒಂದು ಪ್ರಕರಣ. ಅಂಬಡ್‌ನಲ್ಲೇ ಒಂದು ಸ್ವಿಚ್ಚಿನ ಕಾರ್ಖಾನೆ. ಬೆಳಗ್ಗೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮು ಊಟದ ಹೊತ್ತಿಗೆ ನಿಂತುಬಿಡುತ್ತಿತ್ತು. ಮಷೀನು ಆರಿಸಿ ಹಚ್ಚಿದರೆ ಮತ್ತೆ ಸರಿ. ಅಲ್ಲಿನ ಮೇಸ್ತ್ರಿ ಕಂಪ್ಯೂಟರಿಗೆ ಜ್ವರ ಬರುತ್ತದೆಂದು ಫ್ಯಾನು ತಿರುಗಿಸಿ ಇಟ್ಟಿದ್ದರು. ನಾನು ಎರಡು ದಿನ ನಮ್ಮ ಪ್ರೋಗ್ರಾಮಿನ ಸಾಲು ಸಾಲು ಓದಿದೆ, ಏನೂ ಸಿಗಲಿಲ್ಲ. ಮೂರನೇ ದಿನ ಮೇಡಂ ಫೋನಿನಲ್ಲಿ, "ವರ್ಡ್ ಯಾಕೆ ಅಡಗಿಸಿ ಇಟ್ಟಿದ್ದೀಯ? ಮುಂದೆ ಕರೆ ಅದನ್ನ," ಎಂದರು. ಕಾಣುವಂತೆ ಮಾಡಿದೆ. ನೋಡಿದರೆ, ಫಾರ್ಮು ಬದಲಾಗಿದೆ, ಉಳಿಸಲೋ ಬೇಡವೋ ಎಂದು ವರ್ಡ್ ಕೇಳುತ್ತ ನಿಂತಿತ್ತು. ಕಾಣದ ಕಿಟಕಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ಅದು ಪಾಪ ಕಾಯುತ್ತಿತ್ತು. ಅದರ ಹಿಂದೆ, ಮುಂದಿನ ಸಲ ಗುಂಡಿ ಒತ್ತಿದಾಗ ಎದ್ದ ಮತ್ತೊಂದು ವರ್ಡ್, ಅದರ ಹಿಂದೆ ಮಗದೊಂದು.

ಹದಿನೇಳು ವರ್ಡ್‌ಗಳು ಸಾಲಾಗಿ ನಿಂತಿದ್ದವು ಎಂದು ನಾನು ಎಷ್ಟೋ ಸಲ, ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ಇದನ್ನು ಬರೆಯುವ ಮುನ್ನ ರಿಜಿಸ್ಟರು ತೆಗೆದು ನೋಡಿದೆ. ಒಂಬತ್ತು ಎಂದಿದೆ, ನನ್ನದೇ ಅಕ್ಷರದಲ್ಲಿ. ಉಳಿದ ಎಂಟು ಎಲ್ಲಿಂದ ಬಂದವೋ ಕಾಣೆ.

ಇನ್ನೊಂದು ಇಗತಪುರಿಯದು. ಅಲ್ಲಿಯ ಮಳೆ ಗೊತ್ತಿದ್ದವರಿಗೆ ಗೊತ್ತು. ರೈಲಿನ ಗುತ್ತಿಗೆ ಕೆಲಸ ಮಾಡುವವರ ಕಚೇರಿಯಲ್ಲಿ ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ವರದಿಗಳನ್ನು ಮಷೀನಿನಲ್ಲಿ ಉಳಿಸಿದರೆ ಸಾಕು, ಅಚ್ಚು ಹಾಕುವುದೇ ಬೇಡ, ಆದರೂ ಪ್ರೋಗ್ರಾಮು ತಪ್ಪು ತೋರಿಸುತ್ತಿತ್ತು. ನಾನು ಇಡೀ ದಿನ ವರ್ಡ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಸಂಜೆ ಅಲ್ಲಿನ ವಯಸ್ಸಾದ ಗುಮಾಸ್ತರು ಛತ್ರಿ ಕೊಡವುತ್ತ ಬಂದು ನೋಡಿ, "ಪ್ರಿಂಟರು ನೆನೆದು ಹೋಗಿತ್ತು, ನಾಶಿಕಕ್ಕೆ ರಿಪೇರಿಗೆ ಕಳಿಸಿದ್ದೀವಿ. ಅದರ ಹೆಸರನ್ನೂ ಮಷೀನಿಂದ ತೆಗೆದುಬಿಟ್ಟೆ. ಅದಕ್ಕೇನಾದರೂ ಬೇಜಾರಾಗಿರಬಹುದಾ ಸಾಹೇಬ?" ಎಂದರು. ಬೇಜಾರೇ ಆಗಿತ್ತು. ಪುಟದ ಅಳತೆ ನೋಡಲು ವರ್ಡಿಗೆ ಯಾವುದಾದರೊಂದು ಪ್ರಿಂಟರಿನ ಹೆಸರು ಬೇಕು. ಕಾಗದವಿಲ್ಲದ ಒಂದು ನಾಮಕಾವಾಸ್ತೆ ಪ್ರಿಂಟರು ಸೇರಿಸಿದೆ, ಓಡಿತು. ಆ ಗುಮಾಸ್ತರು ತಮಾಷೆಗೆ ಕೇಳಿದ್ದರೋ ತಿಳಿದೇ ಕೇಳಿದ್ದರೋ ಇಂದಿಗೂ ಹೇಳಲಾರೆ. ಆದರೆ ಅಂದಿನಿಂದ ನಾನು ಗಿರಾಕಿಯ ಮಷೀನು ಮುಟ್ಟುವ ಮೊದಲು, ಹೋದ ವಾರ ನೀವು ಏನೇನು ಮಾಡಿದಿರಿ ಎಂದು ಕೇಳತೊಡಗಿದೆ.

ಇಷ್ಟೆಲ್ಲ ಕಲಿತರೂ ಒಂದು ಕೆಟ್ಟ ಚಾಳಿ ಉಳಿದಿತ್ತು. ನಾವು ಪ್ರೋಗ್ರಾಮು ಬರೆಯುತ್ತಿದ್ದ ಭಾಷೆಯಲ್ಲಿ ಒಂದು ಸಾಲು ಇದೆ: ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ತಪ್ಪಾದರೆ ನಿಲ್ಲಬೇಡ, ಮುಂದಿನ ಸಾಲಿಗೆ ಹೋಗು ಎಂಬ ಆಜ್ಞೆ. ಗಿರಾಕಿಗಳು ತಪ್ಪಿನ ಸಂದೇಶ ಕಂಡರೆ ಗಾಬರಿಯಾಗಿ ಫೋನು ಮಾಡುತ್ತಿದ್ದರು. ಈ ಸಾಲು ಹಾಕಿದರೆ ಫೋನು ಬರುತ್ತಿರಲಿಲ್ಲ. ನಾನು ಅದನ್ನು ಧಾರಾಳವಾಗಿ ಹಾಕಿದ್ದೇನೆ. ಹೊಸಬರಿಗೆ ಹೇಳುವುದೇನೆಂದರೆ, ಫೋನು ಬರದಿರುವುದು ಕೆಲಸ ಸರಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಹಾಗೆಂದು ನನಗೆ ತಿಳಿದದ್ದು ಛತ್ರಪತಿ ಸಂಭಾಜಿನಗರದಲ್ಲಿ. ಆಗ ಊರಿಗೆ ಹಳೆಯ ಹೆಸರಿತ್ತು, ನಾನು ಈಗಿನದನ್ನೇ ಬರೆಯುತ್ತೇನೆ.

ಅಲ್ಲಿ ಡಾಕ್ಟರ್ ಸಾಳವೆ ಎಂಬುವರ ತಪಾಸಣೆ ಕೇಂದ್ರವಿತ್ತು. ಸುತ್ತಲಿನ ಕಾರ್ಖಾನೆಯವರು ಕೆಲಸಗಾರರನ್ನು ವರ್ಷಕ್ಕೊಮ್ಮೆ ಕಳಿಸುತ್ತಿದ್ದರು. ಕಣ್ಣು, ಕಿವಿ ಪರೀಕ್ಷೆ ಮಾಡಿ, ಕೆಲಸಕ್ಕೆ ಯೋಗ್ಯ ಎಂದು ಪ್ರಮಾಣಪತ್ರ ಕೊಡುವುದು. ಪರೀಕ್ಷೆ ಮಾಡಿದವರು ಕೈಯಲ್ಲಿ ಒಂದು ಚೀಟಿ ಬರೆಯುತ್ತಿದ್ದರು. ಅದನ್ನು ನೋಡಿ ರೇಣುಕಾ ಎಂಬಾಕೆ ನಮ್ಮ ಪ್ರೋಗ್ರಾಮಿನಲ್ಲಿ ತುಂಬಿ ಗುಂಡಿ ಒತ್ತಿದರೆ ಫಾರ್ಮು ಅಚ್ಚಾಗಿ ಬರುತ್ತಿತ್ತು. ಫಾರ್ಮಿನಲ್ಲಿ ಮೇಲೆ ಹೆಸರು, ವಯಸ್ಸು, ಕಾರ್ಖಾನೆ. ಕೆಳಗೆ ಎರಡು ಕೋಷ್ಟಕ, ಮೊದಲನೆಯದು ಕಣ್ಣಿಗೆ, ಎರಡನೆಯದು ಕಿವಿಗೆ. ಬಹುತೇಕರಿಗೆ ಎಲ್ಲ ಸರಿಯೇ ಇರುತ್ತಿದ್ದುದರಿಂದ ಎರಡರಲ್ಲೂ "ಸಾಮಾನ್ಯ" ಎಂದು ಮೊದಲೇ ಬರೆದಿಡಲು ಡಾಕ್ಟರು ಹೇಳಿದ್ದರು. ದೋಷವಿದ್ದರೆ ಪ್ರೋಗ್ರಾಮು ಅದನ್ನು ಅಳಿಸಿ ದೋಷ ಎಂದು ಬರೆಯುತ್ತಿತ್ತು.

ರೇಣುಕಾಳ ತಂದೆ ತಾಯಿ ಸಿಂದಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆಕೆ ಬೆಳೆದದ್ದು ಇಲ್ಲೇ. ಮರಾಠಿ ಸರಾಗ, ಕನ್ನಡ ನನ್ನ ಜೊತೆ ಮಾತ್ರ, ಅದೂ ಅರ್ಧಂಬರ್ಧ. ಕೇಂದ್ರದಲ್ಲಿ ಆಕೆಯದು ಕಾಯಂ ನೌಕರಿಯಲ್ಲ. ಆ ವರ್ಷ ಕಾಯಂ ಮಾಡುವ ಮಾತು ನಡೆದಿತ್ತು.

ದಸರೆ ಕಳೆದು ಒಂದು ತಿಂಗಳಾಗಿರಬೇಕು, ಡಾಕ್ಟರ್ ಸಾಳವೆ ಫೋನು ಮಾಡಿ ಕೂಡಲೇ ಬರಲು ಹೇಳಿದರು. ಯೇವಲಾ, ವೈಜಾಪುರ ದಾಟಿ ಬಸ್ಸಿನಲ್ಲಿ ಹೋಗಿ ಮುಟ್ಟಿದಾಗ ಅವರ ಕೋಣೆಯಲ್ಲಿ ಕ್ರೇನು ನಡೆಸುವ ಒಬ್ಬ ಮನುಷ್ಯ ಕೂತಿದ್ದ. ಹತ್ತಿರದಲ್ಲೇ ಕನ್ನಡ ಎಂಬ ಹೆಸರಿನ ತಾಲೂಕು ಇದೆ, ಅಲ್ಲಿಯವನು. ನಾನು ಕರ್ನಾಟಕದವನೆಂದು ತಿಳಿದು, "ನಮ್ಮ ಊರಿನ ಹೆಸರನ್ನೇ ನೀವು ಮಾತಾಡೋದಂತೆ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಪ್ರಮಾಣಪತ್ರ ಮುಂದೆ ಹಿಡಿದ. ಎಡಗಣ್ಣಿನಲ್ಲಿ ದೋಷ ಎಂದಿತ್ತು. ಕಾರ್ಖಾನೆಯವರು ಅವನನ್ನು ಕ್ರೇನಿನಿಂದ ಇಳಿಸಿ ಗೋದಾಮಿಗೆ ಹಾಕಿದ್ದರು.

"ಸಾಹೇಬ, ನನ್ನ ಎಡಗಿವಿ ಹೋಗಿ ಆರು ವರ್ಷ ಆಯ್ತು. ಕಿವುಡ ಅಂತ ಬರೀರಿ, ಒಪ್ತೀನಿ. ಕುರುಡ ಅಂತ ಯಾಕೆ ಬರೆದಿರಿ?"

ಡಾಕ್ಟರು ಚೀಟಿ ತೋರಿಸಿದರು. ಚೀಟಿಯಲ್ಲಿ ಕಣ್ಣು ಸರಿ, ಎಡಗಿವಿ ದೋಷ. ರೇಣುಕಾ ತುಂಬಿದ್ದೂ ಸರಿಯಾಗಿಯೇ ಇತ್ತು, ಪರದೆಯಲ್ಲಿ ಕಾಣುತ್ತಿತ್ತು. ಅಚ್ಚಾದದ್ದು ಮಾತ್ರ ಬೇರೆ.

ನಾನು ಖಾಲಿ ಫಾರ್ಮು ತೆರೆದೆ. ಪುಟದ ತಲೆಯ ಮೇಲೆ, ಹೆಸರಿಗಿಂತ ಮೇಲೆ, ಚೆಂದದ ಅಂಚಿನ ಸಣ್ಣ ಚೌಕ. ಅದರೊಳಗೆ ದೇವನಾಗರಿಯಲ್ಲಿ ಶ್ರೀ.

"ಇದನ್ನ ಯಾರು ಹಾಕಿದ್ದು?"

"ನಾನಽ ಹಾಕೀನ್ರಿ ಸರ್," ಎಂದಳು ರೇಣುಕಾ. "ದಸರಾ ದಿವಸ ಮಷೀನ್‌ಗೆಲ್ಲ ಹಳದ ಕುಂಕೂ ಹಚ್ಚಿ ಝೆಂಡೂ ಹೂವಿನ ಮಾಲಿ ಹಾಕಿದ್ವಿ. ಫಾರ್ಮ್‌ಗೆ ಏನೂ ಇರಲಿಲ್ಲ. ನಾವು ದಿನಾ ಕೆಲಸ ಮಾಡೋದು ಫಾರ್ಮ್ ಮ್ಯಾಲ ಅಲ್ಲೇನ್ರಿ? ಅದಕ್ಕೂ ಒಂದು ಶ್ರೀ ಇರಲಿ ಅಂತ. ಸಾಹೇಬರಿಗೆ ತೋರಿಸೀನಿ, ಛಾನ್, ಚಂದ ಐತಿ ಅಂದ್ರು."

"ನಾನು ನೋಡೇ ಇಲ್ಲ," ಎಂದರು ಡಾಕ್ಟರು.

ಚೌಕ ತೆಗೆದೆ, ಕ್ರೇನಿನವನ ಪ್ರಮಾಣಪತ್ರ ಮತ್ತೆ ಅಚ್ಚು ಹಾಕಿದೆ. ಸರಿಯಾಗಿ ಬಂತು. ಅದನ್ನು ಹಿಡಿದು ಅವನು ಕಾರ್ಖಾನೆಗೆ ಹೋದ.

ಅವನು ಹೋದ ಮೇಲೆ ಡಾಕ್ಟರು ಕೇಳಿದರು: "ಇದು ನಿಮ್ಮ ಸಾಫ್ಟ್‌ವೇರಿನ ತಪ್ಪೋ, ಇವಳದೋ?"

ಫಾರ್ಮಿನಲ್ಲಿ ಯಾವ ಮಾಹಿತಿ ಎಲ್ಲಿ ಬೀಳಬೇಕೆಂದು ಹೇಳಲು ಎರಡು ರೀತಿ ಇದೆ. ಹಳೆಯ ರೀತಿ ಎಣಿಸುವುದು: ಮೊದಲ ಕೋಷ್ಟಕದಲ್ಲಿ ಕಣ್ಣು, ಎರಡನೆಯದರಲ್ಲಿ ಕಿವಿ. ಹೊಸ ರೀತಿ ಗುರುತು ಇಡುವುದು: ಆ ಜಾಗಕ್ಕೇ ಕಾಣದ ಒಂದು ಹೆಸರು ಕೊಟ್ಟರೆ ಮೇಲೆ ಏನು ಸೇರಿಸಿದರೂ ಅದು ತಪ್ಪುವುದಿಲ್ಲ. ಎರಡು ವರ್ಷ ಹಿಂದೆ ನಾನೇ ಇಲ್ಲಿಗೆ ಬಂದು ಎಲ್ಲಕ್ಕೂ ಗುರುತು ಇಟ್ಟು ಹೋಗಿದ್ದೆ. ಆ ಮಧ್ಯಾಹ್ನ, ಆ ಕುರ್ಚಿ, ಪಕ್ಕದಲ್ಲಿ ತಣ್ಣಗಾಗುತ್ತಿದ್ದ ಅವಲಕ್ಕಿಯ ಪೋಹೆ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

"ಸಾಫ್ಟ್‌ವೇರು ಸರಿ ಇದೆ," ಎಂದೆ. "ಈಕೆ ಫಾರ್ಮು ಮುಟ್ಟುವಾಗ ಗುರುತುಗಳನ್ನ ಕೆಡಿಸಿದ್ದಾರೆ."

ರೇಣುಕಾ ನನ್ನನ್ನೇ ನೋಡಿ ಕನ್ನಡದಲ್ಲಿ ಕೇಳಿದಳು: "ಸರ್, ಹೆಸರಿನ ಜಾಗಾ ಶ್ರೀ ಬಾಜೂಕಽ ಐತಿ. ಅದಕ್ಕ ಏನೂ ಆಗಿಲ್ಲ. ದೂರ ಇದ್ದ ಕಣ್ಣು ಕಿವಿಗಷ್ಟ ಯಾಕ ಆತ್ರಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ವೃತ್ತಿಯಲ್ಲಿ ಯಾರೂ ಕೇಳಿಲ್ಲ. ಚೌಕವನ್ನು ಮತ್ತೆ ಹಾಕಿ ಒಂದು ಸಲ ನೋಡಿದ್ದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ನನಗೆ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. "ಹಂಗ ಆಗ್ತಿರ್ತದ," ಎಂದುಬಿಟ್ಟೆ.

ಡಾಕ್ಟರು ಆಕೆಗೆ ನಾಳೆಯಿಂದ ಬರುವುದು ಬೇಡ ಎಂದರು. ಆಕೆ ಅಳಲಿಲ್ಲ. ಮೇಜಿನ ಖಾನೆಯಿಂದ ತನ್ನ ಊಟದ ಡಬ್ಬಿ ತೆಗೆದುಕೊಂಡು, ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ, ಹೋದಳು.

ಬಸ್ಸು ವೈಜಾಪುರ ದಾಟುವವರೆಗೂ ಆಕೆಯ ಪ್ರಶ್ನೆ ನನ್ನ ಪಕ್ಕದಲ್ಲೇ ಕೂತಿತ್ತು. ಎಲ್ಲವನ್ನೂ ಸಂಶಯಿಸಬೇಕೆಂದು ಓದುವಾಗ ಕಲಿತಿದ್ದೆ. ಗಿರಾಕಿಯನ್ನು ಸಂಶಯಿಸಿದ್ದೆ, ವರ್ಡನ್ನು, ಮಳೆಯನ್ನು, ಪ್ರಿಂಟರನ್ನು ಸಂಶಯಿಸಿದ್ದೆ. ಆ ಪೋಹೆಯ ತಟ್ಟೆಯನ್ನು ಮಾತ್ರ ಸಂಶಯಿಸಿರಲಿಲ್ಲ.

ಮರುದಿನ ಬೆಳಗ್ಗೆ ರಿಜಿಸ್ಟರಿನ ಎರಡನೇ ಕಾಲಮ್ಮಿನಲ್ಲಿ, ಗುರುತು ಕೆಟ್ಟಿತ್ತು, ಸರಿಪಡಿಸಿದೆ ಎಂದು ಬರೆದು ಚಹಾಕ್ಕೆ ಕೈ ಚಾಚಿದೆ. ಮೇಡಂ ನನ್ನ ಹೆಗಲ ಮೇಲಿಂದ ಓದಿದರು.

"ಕೆಟ್ಟ ಗುರುತನ್ನ ಕಣ್ಣಾರೆ ನೋಡಿದೆಯಾ?"

"ಇಲ್ಲ. ಆದರೆ ಬೇರೆ ಏನೂ ಇರಲು ಸಾಧ್ಯವಿಲ್ಲ. ಎಲ್ಲಕ್ಕೂ ನಾನೇ ಗುರುತು ಇಟ್ಟಿದ್ದೆ."

"ಎಲ್ಲಿ ಬರೆದಿದೆ?"

ಹಳೆಯ ರಿಜಿಸ್ಟರು ಅವರೇ ತಂದರು. ಎರಡು ವರ್ಷ ಹಿಂದಿನ ಪುಟ, ನನ್ನ ಅಕ್ಷರ. ಮಾಡಿದ್ದು: ಹೆಸರು, ವಯಸ್ಸು, ಕಾರ್ಖಾನೆ, ಈ ಮೂರಕ್ಕೆ ಗುರುತು ಇಟ್ಟೆ. ಅನಿಸಿದ್ದು: ಕಣ್ಣು, ಕಿವಿ ಕೋಷ್ಟಕಕ್ಕೂ ಮುಂದಿನ ಸಲ ಬಂದಾಗ ಇಡಬೇಕು.

ಮುಂದಿನ ಸಲ ನಾನು ಹೋಗಿರಲೇ ಇಲ್ಲ. ಮಾಡಬೇಕು ಎಂದುಕೊಂಡದ್ದು ಎರಡು ವರ್ಷದಲ್ಲಿ ಮಾಡಿದೆ ಎಂದಾಗಿ ಕೂತಿತ್ತು, ಪೋಹೆಯ ಸಮೇತ.

ಉಳಿದದ್ದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ವರ್ಡಿನ ಲೆಕ್ಕದಲ್ಲಿ ಆಕೆಯ ಚೌಕವೂ ಒಂದು ಕೋಷ್ಟಕ. ಪುಟದ ತಲೆಯಲ್ಲಿ ಇದ್ದುದರಿಂದ ಅದೇ ಮೊದಲನೆಯದಾಯಿತು. ಪ್ರೋಗ್ರಾಮು ಕಣ್ಣಿನ ಫಲಿತಾಂಶವನ್ನು ಶ್ರೀ ಚೌಕದಲ್ಲಿ ಬರೆಯಲು ಹೋಯಿತು. ಫಲಿತಾಂಶ ಬೀಳಬೇಕಾದ ಎರಡನೇ ಸಾಲೇ ಅಲ್ಲಿ ಇಲ್ಲ. ತಪ್ಪು ಕಂಡಾಗ ನಿಂತು ಕೂಗಬೇಕಿತ್ತು. ನನ್ನ ಆ ಒಂದು ಸಾಲು, ಕೂಗಬೇಡ ಮುಂದೆ ಹೋಗು ಎಂದಿತ್ತು. ಮುಂದೆ ಹೋಗಿ ಕಿವಿಯ ಫಲಿತಾಂಶವನ್ನು ಎರಡನೆಯದಾಗಿದ್ದ ಕಣ್ಣಿನ ಕೋಷ್ಟಕದಲ್ಲಿ ಬರೆಯಿತು. ಕಿವಿಯ ಕೋಷ್ಟಕ "ಸಾಮಾನ್ಯ" ಎಂದೇ ಉಳಿಯಿತು. ಎಲ್ಲ ಸರಿಯಿದ್ದವರ ಕಾಗದದಲ್ಲಿ ಏನೂ ತಿಳಿಯುವಂತಿರಲಿಲ್ಲ. ಭಯವಾದದ್ದು ಇನ್ನೊಂದಕ್ಕೆ. ದಸರೆಯಿಂದೀಚೆಗೆ ಕಣ್ಣಿನ ದೋಷವಿದ್ದು ಬಂದವರಿಗೆಲ್ಲ ನಾವು ಕಣ್ಣು ಸಾಮಾನ್ಯ ಎಂದು ಅಚ್ಚು ಹಾಕಿ ಕೊಟ್ಟಿದ್ದೆವು.

"ಇದನ್ನ ಹೇಳಿದರೆ ಡಾಕ್ಟರು ನಮ್ಮ ಸಾಫ್ಟ್‌ವೇರನ್ನೇ ಬಿಡಬಹುದು," ಎಂದೆ.

"ಬಿಡಬಹುದು," ಎಂದರು ಮೇಡಂ. "ನೀನೇ ಹೋಗು. ಮೊದಲು ಬಾಯಲ್ಲಿ ಹೇಳು, ಆಮೇಲೆ ಬರೆದು ಕೊಡು. ಆ ಹುಡುಗಿ ವಾಪಸು ಕುರ್ಚಿ ಮೇಲೆ ಕೂತ ಮೇಲೆ ಬಸ್ಸು ಹತ್ತು, ಅದಕ್ಕೆ ಮೊದಲು ಬೇಡ."

ಆ ಮೂರು ಮಾತಿಗೆ ನಾನು ಅವರಿಗೆ ಎಷ್ಟು ಋಣಿ ಎಂದು ಅವರ ಮುಂದೆ ಎಂದೂ ಹೇಳಿಲ್ಲ. ಹೇಳಿದರೆ ಯಾವ ಕಾಲಮ್ಮು ಎಂದು ಕೇಳುತ್ತಿದ್ದರು.

ಅದೇ ದಿನ ಮಧ್ಯಾಹ್ನ ಡಾಕ್ಟರ್ ಸಾಳವೆ ಎಲ್ಲ ಕೇಳಿ, ಪೇಪರ್‌ವೇಟು ಬದಿಗೆ ಸರಿಸಿದರು.

"ನಿನ್ನೆ ಅವಳ ತಪ್ಪು ಅಂದಿರಿ. ಇವತ್ತು ನಿಮ್ಮದು ಅಂತೀರಿ. ನಾಳೆ?"

"ನಾಳೆಯೂ ನನ್ನದೇ, ಸರ್. ಬರೆದು ತಂದಿದ್ದೇನೆ."

ಕಾಗದ ಓದಿದರು. ಸಿಟ್ಟು ಇಳಿದಿರಲಿಲ್ಲ, ಆದರೆ ನ್ಯಾಯವಂತರು. "ನೋಡೇ ಇಲ್ಲ ಅಂದೆ ನಿನ್ನೆ. ದಸರೆ ದಿನ ಪೇಢೆ ತಿನ್ನುತ್ತ ಏನೋ ಒಂದಕ್ಕೆ ಛಾನ್ ಅಂದದ್ದು ಈಗ ನೆನಪಾಗ್ತಿದೆ," ಎಂದರು. "ಅವಳನ್ನ ಕರಕೊಂಡು ಬನ್ನಿ. ನಾನು ಕರೆದರೆ ಬರೋದಿಲ್ಲ."

ರೇಣುಕಾಳ ಮನೆ ವಾಳೂಜ್ ಕಡೆಯ ಒಂದು ಚಾಳಿನಲ್ಲಿ, ಸಾಲು ಕೋಣೆಗಳ ವಠಾರದಲ್ಲಿ. ಬಾಗಿಲಲ್ಲಿ ಆಕೆಯ ತಾಯಿ ಜೋಳ ಹಸನು ಮಾಡುತ್ತ ಕೂತಿದ್ದರು. ನನ್ನ ಕನ್ನಡ ಕೇಳಿ, "ಬರ್ರಿ ಯಣ್ಣಾ, ಕುಂದರ್ರಿ," ಎಂದು ಮೊರ ಬದಿಗಿಟ್ಟರು. ನಾನು ಯಾರೆಂದು ತಿಳಿದ ಮೇಲೆ ಅದೇ ದನಿಯಲ್ಲಿ, "ನಮ್ಮ ಹುಡುಗಿ ದೇವರ ಹೆಸರು ಬರದದ್ದಕ್ಕ ಕೆಲಸ ಕಳದವ್ರು ನೀವಽ ಏನ್ರಿ?" ಎಂದು ಕೇಳಿದರು. ಚಹಾ ಮಾತ್ರ ಕೊಟ್ಟರು.

ನನ್ನ ನೆನಪಿನಲ್ಲಿ ನಾನು ಅಲ್ಲಿ ರೇಣುಕಾಳಿಗೆ ಹೇಳಿದ್ದು ಹೀಗೆ: "ತಂಗಿ, ತಪ್ಪು ನಂದು. ನಿನ್ನ ಪ್ರಶ್ನೆನಽ ಬರೋಬ್ಬರಿ ಇತ್ತು, ನಾ ಕೇಳಸ್ಕೊಳ್ಳಲಿಲ್ಲ."

ಆಕೆ ಕೂಡಲೇ ಒಪ್ಪಲಿಲ್ಲ. "ಬರ್ತೀನ್ರಿ. ಖರೆ ಶ್ರೀ ತೆಗೀಬಾರದು," ಎಂದಳು.

"ಅದಿಲ್ಲದಿದ್ದರ ಪ್ರೋಗ್ರಾಮು ಚಲೋ ನಡೀತದ."

"ಅದಿದ್ದರೂ ನಡೀಬೇಕ್ರಿ. ನೀವು ಕಲತವ್ರು ಅದೀರಲ್ಲ, ನಡಸ್ರಿ."

ನಡೆಸಿದೆ. ಎಲ್ಲ ಜಾಗಕ್ಕೂ ಗುರುತು ಇಟ್ಟೆ. ಕೂಗಬೇಡ ಎಂಬ ಸಾಲನ್ನು ಅಳಿಸಿದೆ. ಏನಾದರೂ ತಪ್ಪಿದರೆ ಅಚ್ಚು ಹಾಕದೆ ನಿಂತು, ಯಾವ ಜಾಗ ಸಿಗಲಿಲ್ಲ ಎಂದು ಮರಾಠಿಯಲ್ಲಿ ಹೇಳುವಂತೆ ಮಾಡಿದೆ. ಫಾರ್ಮಿನ ತಲೆಗೆ ಶ್ರೀ ಚೌಕವನ್ನು ರೇಣುಕಾಳೇ ಮತ್ತೆ ಕೂಡಿಸಿದಳು, ಈ ಸಲ ಅಂಚು ಇನ್ನೂ ದಪ್ಪ.

ಆಮೇಲೆ ದಸರೆಯಿಂದ ಆವರೆಗಿನ ಚೀಟಿಗಳನ್ನೆಲ್ಲ ತೆಗೆದು ಕೂತೆವು. ಆಕೆ ಚೀಟಿ ಓದುವುದು, ನಾನು ಪ್ರಮಾಣಪತ್ರದ ಪ್ರತಿಯೊಂದಿಗೆ ತಾಳೆ ನೋಡುವುದು. ಮೂರು ದಿನ ಹಿಡಿಯಿತು. ನಡುವೆ ನಾನು ಆಕೆಗೆ ಮೂರು ಕಾಲಮ್ಮಿನ ಕಥೆ ಹೇಳಿದೆ. ಆಕೆ ಅಲ್ಲೇ ಒಂದು ನೋಟುಬುಕ್ಕಿಗೆ ಗೆರೆ ಎಳೆದುಕೊಂಡಳು, ಊಟಕ್ಕೆ ಎದ್ದಾಗಲೆಲ್ಲ "ಸರ್, ಹಸಿವಿ ಆಗೇತಿ ಅನ್ನೂದು ಯಾವ ಕಾಲಮ್‌ರಿ?" ಎಂದು ಕಾಡಿಸಿದಳು. ತಪ್ಪಾದ ಪ್ರಮಾಣಪತ್ರ ಐದು ಸಿಕ್ಕವು ಎಂದು ನನ್ನ ನೆನಪು. ರಿಜಿಸ್ಟರಿನಲ್ಲಿ ಏಳು ಎಂದಿದೆ. ಅವರಲ್ಲಿ ಒಬ್ಬ ಸರಕು ಎತ್ತುವ ಗಾಡಿ ನಡೆಸುವವನು, ಬಲಗಣ್ಣಿನಲ್ಲಿ ಪೊರೆ. ಡಾಕ್ಟರು ಅವನ ಕಾರ್ಖಾನೆಗೆ ತಾವೇ ಫೋನು ಮಾಡಿ ಇಳಿಸಿದರು. ಅವನು ಅಲ್ಲಿಯವರೆಗೆ ಯಾರಿಗೂ ಗಾಡಿ ತಾಗಿಸಿರಲಿಲ್ಲ. ಅದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ನನ್ನಂಥ ಸಂಶಯಗಾರನಿಗೆ ತಿಳಿಯದು. ರೇಣುಕಾಳನ್ನು ಕೇಳಿದರೆ ಫಾರ್ಮಿನ ತಲೆ ತೋರಿಸುತ್ತಾಳೆ.

ಡಾಕ್ಟರು ನಮ್ಮ ಸಾಫ್ಟ್‌ವೇರನ್ನು ಬಿಡಲಿಲ್ಲ. ರೇಣುಕಾ ಆ ವರ್ಷದ ಕೊನೆಗೆ ಕಾಯಂ ಆದಳು. ನಾನು ಇನ್ನೂ ಕೆಲವು ವರ್ಷ ಬಸ್ಸು ಹತ್ತಿ ಇಳಿದೆ. ನಿವೃತ್ತಿಯ ದಿನ ಮೇಡಂ ಶಾಲು ಹೊದಿಸಲಿಲ್ಲ. ನನ್ನ ಅಕ್ಷರದ ರಿಜಿಸ್ಟರುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ಹಾಕಿ ಕೊಟ್ಟರು. ಸುಮಿತ್ರಾ ಅದನ್ನು ಅಟ್ಟಕ್ಕೆ ಸೇರಿಸಲು ಬಿಟ್ಟಿಲ್ಲ, ಓದುವವರಿಗೆ ಸಿಗಲಿ ಎಂದು ಪಡಸಾಲೆಯಲ್ಲೇ ಇಟ್ಟಿದ್ದಾಳೆ. ಓದುವವನು ನಾನೊಬ್ಬನೇ.

ಚಾಳಿನಲ್ಲಿ ಆಡಿದ ಮಾತು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಆದ್ದರಿಂದ ಇದನ್ನು ಮುಗಿಸುವ ಮುನ್ನ ಹೋದ ವಾರ ರೇಣುಕಾಳಿಗೆ ಫೋನು ಮಾಡಿದೆ. ಆಕೆ ಈಗ ಆ ಕೇಂದ್ರದ ದಾಖಲೆಗಳನ್ನೆಲ್ಲ ನೋಡಿಕೊಳ್ಳುತ್ತಾಳೆ. ನಾನು ಬರೆದಿದ್ದನ್ನು ಓದಿ ಹೇಳಿದೆ.

"ಸರ್, ನೀವು ಚಹಾ ಕುಡದ್ರಿ. ಪ್ರೋಗ್ರಾಮ್‌ದಾಗ ಗಡಬಡ ಇತ್ತು, ಸಿಕ್ಕೇತಿ, ನಾಳೆಯಿಂದ ಬಾ ಅಂದ್ರಿ. ತಪ್ಪು ನಂದು ಅಂತ ಅನ್ಲಿಲ್ರಿ."

"ಅಂದಿದ್ದೆ, ರೇಣುಕಾ. ನನಗ ಪಕ್ಕಾ ನೆನಪದ."

"ಯಾವ ಕಾಲಮ್‌ರಿ ಸರ್?"

ಡಾಕ್ಟರಿಗೆ ಹೇಳಿದ್ದು ನಿಜ. ಆ ಕಾಗದದ ಪ್ರತಿ ಇದೆ. ಆಕೆಗೆ ಹೇಳಬೇಕು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡದ್ದೂ ನಿಜ. ಅಂದುಕೊಂಡದ್ದು ಮತ್ತೆ ಆಡಿದ್ದಾಗಿ ಕೂತಿತ್ತು.

"ಮೂರನೇದು," ಎಂದೆ. "ಹಂಗಾದರ ಈಗ ಅಂತೀನಿ, ಕೇಳು."

"ಫೋನ್‌ದಾಗ ಬ್ಯಾಡ್ರಿ ಸರ್. ಬರೀರಿ. ಎರಡನೇದ್ರಾಗ."

ಬರೆಯುತ್ತಿದ್ದೇನೆ.

ಕಂಡದ್ದು: ರೇಣುಕಾ ಸರಿಯಾದ ಪ್ರಶ್ನೆ ಕೇಳಿದಳು, ಸರಿಯಾದ ಹೊತ್ತಿಗೆ ಕೇಳಿದಳು. ಮಾಡಿದ್ದು: ಉತ್ತರ ಹುಡುಕದೆ ಬಸ್ಸು ಹತ್ತಿದೆ, ತಪ್ಪನ್ನು ಆಕೆಯ ಮೇಲೆ ಹಾಕಿದೆ. ಆ ತಪ್ಪು ನನ್ನದು. ಶ್ರೀ ಇದ್ದಲ್ಲೇ ಇದೆ, ಮೊದಲ ಕೋಷ್ಟಕದಲ್ಲಿ, ಫಾರ್ಮು ಇವತ್ತಿಗೂ ಸರಿಯಾಗಿ ಅಚ್ಚಾಗುತ್ತಿದೆ.